ಚಿಕ್ಕ ಟ್ಯಾಂಕ್‌ಗೆ ಆಲ್-ಇನ್-ಒನ್ ದ್ರವ ಗೊಬ್ಬರ: ವರ್ಷ ದಾಟಿದ ಮೇಲಿನ ಅಭಿಪ್ರಾಯ

ನನ್ನದು 40 ಲೀಟರಿನ ಸಿಹಿನೀರಿನ ಅಕ್ವೇರಿಯಂ ಟ್ಯಾಂಕ್. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಲ್ಲ. ಸಾಧಾರಣ ಎಲ್‌ಇಡಿ ಲೈಟ್, ತಳದಲ್ಲಿ ಬರೀ ಜಲ್ಲಿ. ಗಿಡಗಳು ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್, ಜೊತೆಗೆ ಬೇಗ ಬೆಳೆಯುವ ಹೈಗ್ರೊಫಿಲಾ. ಒಂದಷ್ಟು ಟೆಟ್ರಾ ಮೀನು, ಚೆರ್ರಿ ಸೀಗಡಿ. ಈ ಗೊಬ್ಬರ ಹಾಕುತ್ತಾ ವರ್ಷದ ಮೇಲಾಯಿತು. ಗೊಬ್ಬರ ಒಳ್ಳೆಯದೇ. ಲೇಬಲ್ ಮೇಲಿನ ಡೋಸ್ ಮಾತ್ರ ಇಂಥ ಟ್ಯಾಂಕ್‌ಗೆ ಜಾಸ್ತಿ.

ಬಾಟಲಿ ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಆಲ್-ಇನ್-ಒನ್ ಅಂತ ಬರೆದಿದ್ದರೂ ಎಲ್ಲದರಲ್ಲೂ ಎಲ್ಲವೂ ಇರುವುದಿಲ್ಲ. ಕೆಲವದರಲ್ಲಿ ಪೊಟ್ಯಾಸಿಯಂ, ಕಬ್ಬಿಣ ಮತ್ತು ಸೂಕ್ಷ್ಮ ಪೋಷಕಾಂಶಗಳಷ್ಟೇ ಇರುತ್ತವೆ. ನೈಟ್ರೇಟ್ (ಗಿಡಕ್ಕೆ ಸಾರಜನಕ ಸಿಗುವುದು ಇದರಿಂದ), ಫಾಸ್ಫೇಟ್ ಇರುವುದಿಲ್ಲ. ಮೀನಿನ ಆಹಾರ, ಹಿಕ್ಕೆಯಿಂದ ಅವೆರಡೂ ಹೇಗೂ ಸಿಗುತ್ತವೆ ಅನ್ನುವುದು ತಯಾರಕರ ಲೆಕ್ಕ. ಮೀನು ತುಂಬಾ ಇರುವ ಟ್ಯಾಂಕ್‌ಗೆ ಆ ಲೆಕ್ಕ ಸರಿ. ನನ್ನ ಹಾಗೆ ಮೀನು ಕಡಿಮೆ, ಗಿಡ ಜಾಸ್ತಿ ಇದ್ದರೆ ಸಾರಜನಕವೇ ಸಾಲದು. ಆಗ ಹಳೆಯ ಎಲೆಗಳು ಹಳದಿಯಾಗಿ ಕರಗತೊಡಗುತ್ತವೆ. ನಾನು ಬಳಸುತ್ತಿರುವುದರಲ್ಲಿ ನೈಟ್ರೇಟ್, ಫಾಸ್ಫೇಟ್ ಎರಡೂ ಇವೆ. ಆರಿಸಿಕೊಂಡದ್ದೂ ಅದಕ್ಕೇ.

ಇನ್ನು ಡೋಸ್ ವಿಷಯ. ಲೇಬಲ್‌ನಲ್ಲಿ ಟ್ಯಾಂಕ್‌ನ ಲೀಟರ್ ನೋಡಿ ಹಾಕಿ ಎಂದಿರುತ್ತದೆ. ಆದರೆ 40 ಲೀಟರಿನ ಟ್ಯಾಂಕ್‌ನಲ್ಲಿ 40 ಲೀಟರ್ ನೀರು ಎಲ್ಲಿರುತ್ತದೆ? ಜಲ್ಲಿ, ಕಲ್ಲು, ಮರದ ತುಂಡು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ನನ್ನದರಲ್ಲಿ ಉಳಿಯುವುದು ಹೆಚ್ಚುಕಡಿಮೆ 33 ಲೀಟರ್. ದೊಡ್ಡ ಟ್ಯಾಂಕ್‌ನಲ್ಲಿ ಒಂದೆರಡು ಮಿ.ಲೀ. ಆಚೀಚೆಯಾದರೆ ಗೊತ್ತೂ ಆಗುವುದಿಲ್ಲ, ಇಲ್ಲಿ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ ಕಾರಣ ಬೇರೆ. ಸಿಲಿಂಡರ್ ಇಟ್ಟವರು ನೀರಿನಲ್ಲಿ ಕಾರ್ಬನ್ ಡೈಆಕ್ಸೈಡನ್ನು ಲೀಟರಿಗೆ ಸುಮಾರು 30 ಮಿಲಿಗ್ರಾಂವರೆಗೆ ಏರಿಸಿಕೊಳ್ಳುತ್ತಾರೆ. ಸಿಲಿಂಡರ್ ಇಲ್ಲದ ಟ್ಯಾಂಕ್‌ನಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ ಇರುತ್ತದೆ. ಇಂಗಾಲವೇ ಕಡಿಮೆ ಇರುವಾಗ ಗಿಡ ಉಳಿದದ್ದನ್ನು ತಾನೇ ಎಷ್ಟು ತಿಂದೀತು? ಹಾಗಾಗಿ ಲೇಬಲ್ ಹೇಳಿದ್ದರ ಮೂರನೇ ಒಂದು ಪಾಲಿನಿಂದ ಶುರು ಮಾಡಿದೆ. ಈಗ ಅರ್ಧದಷ್ಟು ಹಾಕುತ್ತೇನೆ. ಅದನ್ನೂ ಒಂದೇ ಸಲಕ್ಕೆ ಸುರಿಯದೆ ವಾರದಲ್ಲಿ ಎರಡು ಸಲಕ್ಕೆ ಹಂಚುತ್ತೇನೆ.

ಹೀಗೆ ಹಂಚುವುದಕ್ಕೂ ಕಾರಣ ಇದೆ. ನೀರಿನಲ್ಲಿ ಕಬ್ಬಿಣ ಕರಗಿಯೇ ಇರಲಿ ಅಂತ ಅದನ್ನು ಕೀಲೇಟ್ ರೂಪದಲ್ಲಿ, ಅಂದರೆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಒಂದು ರಾಸಾಯನಿಕದ ಜೊತೆ ಸೇರಿಸಿ ಹಾಕಿರುತ್ತಾರೆ. ಸಾಮಾನ್ಯವಾಗಿ ಸಿಗುವ ಇಡಿಟಿಎ ಕೀಲೇಟ್, ಪಿಹೆಚ್ 6.5 ದಾಟಿದಂತೆ ಕಬ್ಬಿಣವನ್ನು ಬಿಟ್ಟುಕೊಡತೊಡಗುತ್ತದೆ. ಡಿಟಿಪಿಎ ಅನ್ನುವ ಇನ್ನೊಂದು ಕೀಲೇಟ್ ಸುಮಾರು 7.5ರವರೆಗೂ ಹಿಡಿದಿಟ್ಟುಕೊಳ್ಳುತ್ತದೆ. ನೀರು ಗಡುಸಾಗಿದ್ದರೆ, ಪಿಹೆಚ್ ಜಾಸ್ತಿ ಇದ್ದರೆ ಡಿಟಿಪಿಎ ಇರುವ ಬಾಟಲಿ ವಾಸಿ. ಇಲ್ಲದಿದ್ದರೆ ಸ್ವಲ್ಪ ಸ್ವಲ್ಪವೇ ಆಗಾಗ ಹಾಕುವುದೇ ದಾರಿ. ನನ್ನ ಬಾಟಲಿಯ ಮೇಲೆ ‘ಕೀಲೇಟೆಡ್’ ಅಂತ ಮಾತ್ರ ಇದೆ, ಯಾವ ಕೀಲೇಟ್ ಅಂತ ಇಲ್ಲ. ಇದು ನನ್ನ ಮೊದಲ ದೂರು.

ಫಲಿತಾಂಶಕ್ಕೆ ಬರೋಣ. ಹೈಗ್ರೊಫಿಲಾದ ಕೆಳಗಿನ ಎಲೆಗಳಲ್ಲಿ ಮೊದಲು ಸೂಜಿಯಿಂದ ಚುಚ್ಚಿದಂತೆ ತೂತು ಬೀಳುತ್ತಿತ್ತು, ಸುತ್ತ ಹಳದಿ. ಇದು ಪೊಟ್ಯಾಸಿಯಂ ಕೊರತೆಯ ಗುರುತು. ತೂತು ಬಿದ್ದ ಎಲೆ ಮತ್ತೆ ಸರಿಹೋಗಲಿಲ್ಲ, ಹೋಗುವುದೂ ಇಲ್ಲ. ನೋಡಬೇಕಾದದ್ದು ಆಮೇಲೆ ಬಂದ ಎಲೆಗಳನ್ನು. ಅವು ದಿನ ಕಳೆದರೂ ತೂತಾಗದೆ ಉಳಿದವು. ಚಿಗುರು ಬಿಳಿಚಿಕೊಂಡು ನರ ಮಾತ್ರ ಹಸಿರಾಗಿ ಕಾಣುತ್ತಿದ್ದದ್ದೂ ನಿಂತಿತು. ಅದು ಕಬ್ಬಿಣದ ಕೊರತೆ. ಇಲ್ಲೊಂದು ಸುಲಭದ ಗುರುತಿದೆ. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಕೆಡುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಹಾಗೆ ಜಾಗ ಬಿಟ್ಟು ಕದಲುವುದಿಲ್ಲ, ಅದಕ್ಕೇ ಚಿಗುರು ಕೆಡುತ್ತದೆ. ಟೆಸ್ಟ್ ಕಿಟ್ ಇಲ್ಲದಿದ್ದರೂ ಇಷ್ಟು ಗೊತ್ತಿದ್ದರೆ ಡೋಸ್ ಏರಿಸಬೇಕೋ ಇಳಿಸಬೇಕೋ ಅಂತ ಒಂದು ಅಂದಾಜು ಸಿಗುತ್ತದೆ.

ಅನುಬಿಯಾಸ್, ಜಾವಾ ಫರ್ನ್ ಮರದ ತುಂಡಿಗೆ ಕಟ್ಟಿದವು. ನೀರಿನಿಂದಲೇ ಊಟ ಅವಕ್ಕೆ, ಹಾಗಾಗಿ ಈ ಗೊಬ್ಬರ ಚೆನ್ನಾಗಿ ಒಗ್ಗಿದೆ. ಕ್ರಿಪ್ಟೊಕೊರೈನ್ ಕಥೆ ಬೇರೆ. ಅದು ಬೇರಿನಿಂದ ಜಾಸ್ತಿ ತಿನ್ನುವ ಗಿಡ. ಬರೀ ಜಲ್ಲಿಯಲ್ಲಿ ಏನೂ ಸಿಗುವುದಿಲ್ಲ ಅಲ್ವಾ? ದ್ರವ ಗೊಬ್ಬರದಿಂದ ಬದುಕಿತು, ಅಷ್ಟೇ. ಬುಡದಲ್ಲಿ ಗೊಬ್ಬರದ ಮಾತ್ರೆ ಹೂತ ಮೇಲೆಯೇ ಮರಿ ಒಡೆಯಲು ಶುರು ಮಾಡಿದ್ದು. ‘ಎಲ್ಲ ಗಿಡಗಳಿಗೂ ಇದೊಂದೇ ಸಾಕು’ ಎಂದು ಲೇಬಲ್ ಹೇಳುವುದನ್ನು ಪೂರ್ತಿ ನಂಬಬೇಡಿ. ಹೊಸದಾಗಿ ನೆಟ್ಟ ಕ್ರಿಪ್ಟೊಕೊರೈನ್ ಎಲೆಗಳೆಲ್ಲ ಕರಗಿಹೋದರೆ ಸುಮ್ನೆ ಗೊಬ್ಬರವನ್ನು ಬೈಯಬೇಡಿ. ಜಾಗ ಬದಲಾದರೆ ಅದು ಹಾಗೇ ಮಾಡುತ್ತದೆ. ಬೇರು ಗಟ್ಟಿ ಇದ್ದರೆ ಮತ್ತೆ ಚಿಗುರುತ್ತದೆ.

ಪಾಚಿ ಬರುತ್ತದಾ ಅನ್ನುವುದು ಎಲ್ಲರೂ ಕೇಳುವ ಪ್ರಶ್ನೆ. ನನ್ನ ಅನುಭವದಲ್ಲಿ ಪಾಚಿಗೆ ಲೈಟ್‌ನಷ್ಟು ಗೊಬ್ಬರ ಕಾರಣವಲ್ಲ. ದಿನಕ್ಕೆ 10 ಗಂಟೆ ಲೈಟ್ ಉರಿದಾಗ ಗಾಜು, ಎಲೆ ಎಲ್ಲದರ ಮೇಲೂ ಹಸಿರು ಕೂರುತ್ತಿತ್ತು. ಟೈಮರ್ ಹಾಕಿ 7 ಗಂಟೆಗೆ ಇಳಿಸಿದ ಮೇಲೆ, ಅದೇ ಡೋಸ್‌ನಲ್ಲೇ, ಬಹಳ ಕಡಿಮೆಯಾಯಿತು. ಗೊಬ್ಬರಕ್ಕೆ ಮೊದಲು ಟೈಮರ್ ಕೊಳ್ಳಿ ಅಂತಲೇ ನಾನು ಹೇಳುವುದು.

ನೀರು ಬದಲಾಯಿಸುವುದನ್ನು ಬಿಡಬಾರದು. ವಾರಕ್ಕೊಮ್ಮೆ ಅರ್ಧ ನೀರು ತೆಗೆದರೆ, ಗಿಡ ಏನೂ ತಿನ್ನದಿದ್ದರೂ ಈ ಗೊಬ್ಬರ ವಾರದ ಡೋಸ್‌ನ ಎರಡರಷ್ಟನ್ನು ದಾಟಿ ಸೇರಿಕೊಳ್ಳುವುದಿಲ್ಲ. ಕಾಲು ಭಾಗ ಮಾತ್ರ ತೆಗೆದರೆ ನಾಲ್ಕರಷ್ಟರವರೆಗೆ ಹೋಗಬಹುದು. ಸೂಕ್ಷ್ಮ ಪೋಷಕಾಂಶಗಳಲ್ಲಿ ತಾಮ್ರವೂ ಇರುತ್ತದೆ, ಅದು ಹೆಚ್ಚಾದರೆ ಸೀಗಡಿಗೆ ವಿಷ. ಹಾಗಾಗಿ ಸೀಗಡಿ ಸಾಕುವವರಿಗೆ ಈ ಲೆಕ್ಕ ಮುಖ್ಯ. ಅರ್ಧ ಡೋಸ್‌ನಲ್ಲಿ ನನ್ನ ಸೀಗಡಿಗಳು ಆರಾಮಾಗಿ ಮರಿ ಮಾಡಿಕೊಂಡಿವೆ.

ಬಾಟಲಿಯ ಪಂಪ್ ದೊಡ್ಡ ಟ್ಯಾಂಕ್‌ನವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಒಂದು ಒತ್ತಿಗೆ ಎಷ್ಟು ಬೀಳುತ್ತದೆ ಅಂತ ನಂಬಿಕೆಯಿಲ್ಲ, ಪಂಪ್‌ನ ಬಾಯಲ್ಲಿ ಉಪ್ಪು ಗಟ್ಟಿಕೊಳ್ಳುತ್ತದೆ. ಸೂಜಿ ಇಲ್ಲದ 1 ಮಿ.ಲೀ. ಸಿರಿಂಜ್ ಇಟ್ಟುಕೊಂಡಿದ್ದೇನೆ, ಅದೇ ಸರಿ. ಬಾಟಲಿ ಕಪ್ಪು ಬಣ್ಣದ್ದು ಅನ್ನುವುದು ಒಳ್ಳೆಯ ಅಂಶ, ಬೆಳಕಿಗೆ ಕಬ್ಬಿಣದ ಕೀಲೇಟ್ ಒಡೆಯುತ್ತದೆ.

5ಕ್ಕೆ 4 ಕೊಡುತ್ತೇನೆ. ಮೀನು ಕಡಿಮೆ, ಗಿಡ ಜಾಸ್ತಿ ಇರುವ ಚಿಕ್ಕ ಟ್ಯಾಂಕ್‌ಗೆ ಕಣ್ಣುಮುಚ್ಚಿ ತಗೊಳ್ಳಿ. ಟ್ಯಾಂಕ್ ತುಂಬಾ ಗಪ್ಪಿ ಮೀನು ಇದ್ದರೆ ಇದು ಬೇಡ. ನೈಟ್ರೇಟ್, ಫಾಸ್ಫೇಟ್ ಇಲ್ಲದ ಬಾಟಲಿ ನೋಡಿ.