ಚಪ್ಪಲಿ ಚರ್ಮಕ್ಕೆ ಲವಂಗದೆಣ್ಣೆ: ಬೂಷ್ಟೂ ಹೋಯ್ತು, ಡ್ರಾಪರೂ ಹೋಯ್ತು

ಕಲಬುರಗಿ ಬೇಸಿಗೆಯಲ್ಲಿ ಚರ್ಮಕ್ಕೆ ಬೂಷ್ಟಿನ ಚಿಂತೆ ಇಲ್ಲ. ಸೆಪ್ಟೆಂಬರ್ ಮಳೆ ಹಿಡಿದರೆ ಮಾತ್ರ, ತಂಗಡಿ (ಆವರಿಕೆ) ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮದ ಹಾಳೆ ಮೇಲೆ ನಾಲ್ಕೇ ದಿನಕ್ಕೆ ಹಸಿರು ಚುಕ್ಕೆ ಏಳುತ್ತವೆ. ತೊಗಟೆಯ ಹುಳಿ ಬ್ಯಾಕ್ಟೀರಿಯಾಕ್ಕೆ ಆಗಿಬರುವುದಿಲ್ಲ, ಬೂಷ್ಟಿಗೆ ಅದೇ ಹಿತ.

ಮೂರು ಮಳೆಗಾಲದಿಂದ ಬಳಕೆಯಲ್ಲಿರುವುದು 100 ಎಂಎಲ್‌ನ ಲವಂಗ ಮೊಗ್ಗಿನ ಎಣ್ಣೆ. ಬೂಷ್ಟು ತಡೆಯುವುದು ಅದರೊಳಗಿನ ಯೂಜೆನಾಲ್ ಎಂಬ ಅಂಶ. ಹೊಸ ಬಾಟಲಿ ಬಂದ ಕೂಡಲೇ ಒಂದು ಹನಿ ನೀರಿಗೆ ಬಿಡಿ. ಅಸಲಿ ಎಣ್ಣೆ ನೀರಿಗಿಂತ ಭಾರ, ತಳಕ್ಕಿಳಿಯುತ್ತದೆ. ಕಡ್ಡಿಯಿಂದ ತಿವಿದರೂ ತೇಲಿದರೆ ಕಲಬೆರಕೆ, ವಾಪಸ್ ಕಳಿಸಿ.

ಒಂದು ಲೀಟರ್ ಹೊಂಗೆ ಎಣ್ಣೆಗೆ 10 ಎಂಎಲ್ ಸಾಕು. ಹೊಂಗೆ ಎಣ್ಣೆ ಬೆಚ್ಚಗಾಗಿ, ಬೆರಳು ಅದ್ದಿದರೆ ತಡೆಯುವಷ್ಟು ಆರಿದ ಮೇಲೆಯೇ ಬೆರೆಸಬೇಕು. ಒಲೆ ಮೇಲಿದ್ದಾಗ ಸುರಿದರೆ ಅಂಗಡಿಯೆಲ್ಲ ಘಮಘಮ, ಚರ್ಮಕ್ಕೆ ಏನೂ ಇಲ್ಲ. ಹಾಳೆ ಅರೆಹಸಿ ಇರುವಾಗ ಅಂಗೈಯಿಂದ ತಿಕ್ಕಿ. ನೀರು ಆರುತ್ತ ಹೋದಂತೆ ಆ ಜಾಗಕ್ಕೆ ಎಣ್ಣೆ ಇಳಿಯುತ್ತದೆ. ಪೂರ್ತಿ ಒಣಗಿದ್ದಕ್ಕೆ ಹಚ್ಚಿದರೆ ಪಟ್ಟೆ ಪಟ್ಟೆ ಕಪ್ಪು. ಕೈಗವಸು ಇರಲಿ, ಬೆರೆಸದ ಎಣ್ಣೆ ಉರಿಯುತ್ತದೆ.

ಇಷ್ಟರವರೆಗೆ ಐದಕ್ಕೆ ಐದು. ಸಿಟ್ಟು ಬರಿಸುವುದು ಬಾಟಲಿ ಜೊತೆ ಕೊಡುವ ರಬ್ಬರ್ ಡ್ರಾಪರ್. ಯೂಜೆನಾಲ್ ರಬ್ಬರನ್ನೇ ಮೆತ್ತಗೆ ಮಾಡುತ್ತದೆ: ಬುರುಡೆ ಉಬ್ಬಿ, ಅಂಟಂಟಾಗಿ, ಕೊನೆಗೆ ಕಂದು ಲೋಳೆ ಎಣ್ಣೆಯೊಳಗೇ ಬೀಳುತ್ತದೆ. ಆ ಲೋಳೆ ಹಾಳೆಗೆ ತಾಗಿದರೆ ಕಲೆ ಹೋಗುವುದಿಲ್ಲ. ಗಾಜಿನ ಪಿಪೆಟ್ ತೆಗೆದುಕೊಳ್ಳಿ. ಕಬ್ಬಿಣದ ಡಬ್ಬಿಯಂತೂ ಬೇಡವೇ ಬೇಡ. ತೊಗಟೆ ಹದದ ಚರ್ಮಕ್ಕೆ ಕಬ್ಬಿಣ ಸೋಕಿದರೆ ಶಾಯಿ ಚೆಲ್ಲಿದ ಹಾಗೆ.

ಇನ್ನೊಂದು, ಇದು ಆವಿಯಾಗುವ ಎಣ್ಣೆ. ಚರ್ಮದ ಕಾರ್ಖಾನೆಗಳು ಬಳಸುವ ಬೂಷ್ಟುನಾಶಕ ರಾಸಾಯನಿಕ ಟಿಸಿಎಂಟಿಬಿ ಥರ ತಿಂಗಳುಗಟ್ಟಲೆ ನಿಲ್ಲುವುದಿಲ್ಲ. ಐದಾರು ವಾರಕ್ಕೆ ಮತ್ತೊಂದು ಕೈ ಬೇಕು. ಕಪಾಟಿನಲ್ಲಿ ಪೇಪರ್ ಚೂರಿಗೆ ಐದು ಹನಿ ಹಾಕಿ ಇಟ್ಟರೆ ಆವಿಯೂ ಸ್ವಲ್ಪ ಕಾಪಾಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಬೇಡಿ, ಒಳಗೇ ಬೆವರುತ್ತದೆ. ತಿಂಗಳಿಗೆ ಇಪ್ಪತ್ತು ಹಾಳೆಯ ಕೆಲಸಕ್ಕೆ ಖರ್ಚು ಹೊಂದುತ್ತದೆ, ಡ್ರಮ್ಮುಗಟ್ಟಲೆ ವೆಟ್ ಬ್ಲೂ (ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಹಸಿ ಚರ್ಮ) ಮಾಡುವವರಿಗೆ ಇದು ಹೇಳಿದ್ದಲ್ಲ. ಮೊದಲ ವಾರ ಗಿರಾಕಿಗಳು ಚಪ್ಪಲಿ ಮೂಸಿ ಹಲ್ಲುನೋವಿನ ಔಷಧಿ ನೆನೆಯುತ್ತಾರೆ, ಅದನ್ನು ಸಹಿಸಿಕೊಳ್ಳಬೇಕು.

ಬಿಳಿ ಪುಡಿ ಕಂಡ ಕೂಡಲೇ ಎಣ್ಣೆಯನ್ನು ಬೈಯುವ ಮುಂಚೆ ಕಡ್ಡಿ ಗೀರಿ ಹತ್ತಿರ ಹಿಡಿದು ನೋಡ್ರಿ. ಕರಗಿದರೆ ಅದು ಚರ್ಮದೊಳಗಿನ ಕೊಬ್ಬು ಹೊರಬಂದದ್ದು. ಕರಗದೆ ಹಾಗೇ ನಿಂತರೆ ಬೂಷ್ಟು, ಒರೆಸಿ ಇನ್ನೊಂದು ಕೈ ಹಚ್ಚಿ.