ಸೊಪ್ಪಿನ ಮಡಿಗೆ ಬಯೋಗ್ಯಾಸ್ ಬಗ್ಗಡ: ಮೂರು ವರ್ಷ ಬಳಸಿದ ಮೇಲೆ

ಒಲೆಗೆ ಅನಿಲ ಸಿಗಲಿ ಎಂದು 2 ಘನ ಮೀಟರಿನ ಬಯೋಗ್ಯಾಸ್ ಸ್ಥಾವರ ಕಟ್ಟಿಸಿದ್ದೆ. ಮೂರು ವರ್ಷ ಕಳೆದ ಮೇಲೆ ಇಂದು ಯಾರಾದರೂ ಕೇಳಿದರೆ, ಅನಿಲ ಬಿಟ್ಟುಕೊಟ್ಟ ಮೇಲೆ ಸ್ಥಾವರದಿಂದ ಹೊರಬರುವ ಸಗಣಿಯ ಬಗ್ಗಡ ಒಂದಕ್ಕಾಗಿಯೇ ಅದನ್ನು ಮತ್ತೆ ಕಟ್ಟಿಸುತ್ತೇನೆ ಎನ್ನುತ್ತೇನೆ. ಪಾಲಕ್, ಹರಿವೆ, ಮೆಂತ್ಯದ ಮಡಿಗಳಿಗೆ ಈ ಮೂರು ವರ್ಷದಲ್ಲಿ ಯೂರಿಯಾದ ಒಂದು ಕಾಳನ್ನೂ ಹಾಕಿಲ್ಲ. ಆದರೆ ಮೊದಲ ಬೆಳೆ ಪೂರ್ತಿ ಸುಟ್ಟುಹೋಗಿತ್ತು. ಆ ಕಥೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹೊಸದಾಗಿ ಬಳಸುವವರು ಎಡವುವುದು ಅಲ್ಲಿಯೇ.

ಪಾಲಕ್ ಮೊಳೆತು ಹನ್ನೆರಡು ದಿನವಾಗಿತ್ತು. ಹೊರಗುಂಡಿಯಿಂದ ಆಗತಾನೇ ಬಂದ ಬಗ್ಗಡವನ್ನು ಬಕೆಟ್ಟಿನಲ್ಲಿ ತುಂಬಿ, ನೀರು ಬೆರೆಸದೆ, ಮಧ್ಯಾಹ್ನದ ಬಿಸಿಲಿನಲ್ಲಿ ಸಸಿಗಳ ಬುಡಕ್ಕೆ ಸುರಿದೆ. ಸಗಣಿ ಗೊಬ್ಬರದಷ್ಟೇ ಸೌಮ್ಯವಾದದ್ದು ಎಂಬ ನಂಬಿಕೆ. ಸ್ವಲ್ಪ ಹೊತ್ತಿಗೆ ಎರೆಹುಳುಗಳು ಮಣ್ಣಿನಿಂದ ಎದ್ದು ಮೇಲೆ ಹೊರಳಾಡತೊಡಗಿದವು. ಮೂರನೆಯ ದಿನ ಎಲೆಯಂಚುಗಳು ಕಂದು ತಿರುಗಿ ಕಾಗದದಂತೆ ಒಣಗಿದ್ದವು. ಬೆರಳಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು.

ಹೀಗಾದದ್ದೇಕೆ ಎಂದು ತಿಳಿದುಕೊಂಡ ಮೇಲೆ ಬಗ್ಗಡದ ಬಗ್ಗೆ ನನ್ನ ಎಣಿಕೆಯೇ ಬದಲಾಯಿತು. ಸ್ಥಾವರದೊಳಗೆ ಗಾಳಿಯಿಲ್ಲದೆ ಕೊಳೆಯುವಾಗ ಇಂಗಾಲದ ಒಂದು ದೊಡ್ಡ ಪಾಲು ಮೀಥೇನ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ. ಸಾರಜನಕ, ರಂಜಕ, ಪೊಟ್ಯಾಷ್ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಸಾರಜನಕದಲ್ಲಂತೂ ಸುಮಾರು ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಅಮೋನಿಯಂ ರೂಪಕ್ಕೆ ತಿರುಗಿರುತ್ತದೆ. ಅಂದರೆ ಇದು ನಿಧಾನವಾಗಿ ಕರಗುವ ಕೊಟ್ಟಿಗೆ ಗೊಬ್ಬರವಲ್ಲ. ಅರ್ಧ ಭಾಗ ಯೂರಿಯಾದಂತೆ ಬೇಗ ಕೆಲಸ ಮಾಡುತ್ತದೆ, ಉಳಿದ ಅರ್ಧ ತಿಂಗಳುಗಟ್ಟಲೆ ಮಣ್ಣಿನಲ್ಲಿ ಬಿಚ್ಚಿಕೊಳ್ಳುತ್ತದೆ. ಅಳತೆಯಿಲ್ಲದೆ ಸುರಿದರೆ ಎಳೆ ಬೇರು ತಾಳುವುದಿಲ್ಲ. ಬಗ್ಗಡದ ರಸಸಾರ (pH) 8ರ ಆಸುಪಾಸಿನಲ್ಲಿ, ಅಂದರೆ ಕ್ಷಾರದ ಕಡೆಗೆ ಇರುವುದರಿಂದ, ಬಿಸಿಲಿಗೆ ತೆರೆದಿಟ್ಟರೆ ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಮೂಗಿಗೆ ಹೊಡೆಯುವ ಆ ಘಾಟು ಗಿಡಕ್ಕೆ ಸೇರಬೇಕಾಗಿದ್ದ ಸಾರಜನಕ. ಅಂದು ನಾನು ಸಸಿಗಳನ್ನು ಸುಟ್ಟದ್ದಲ್ಲದೆ ಗೊಬ್ಬರವನ್ನೂ ಗಾಳಿಗೆ ಬಿಟ್ಟಿದ್ದೆ.

ಈಗ ನನ್ನ ಕ್ರಮ ಬೇರೆ. ಬಿತ್ತುವುದಕ್ಕೆ ಎಂಟು ಹತ್ತು ದಿನ ಮೊದಲು, ಬಿಸಿಲು ಇಳಿದ ಮೇಲೆ, ಮಡಿಯಲ್ಲಿ ನಾಲ್ಕೈದು ಬೆರಳು ಆಳದ ಸಾಲು ತೋಡುತ್ತೇನೆ. ಬಗ್ಗಡಕ್ಕೆ ಅಷ್ಟೇ ನೀರು ಬೆರೆಸಿ ಸಾಲಿಗೆ ಹರಿಸಿ ಕೂಡಲೇ ಮಣ್ಣು ಎಳೆಯುತ್ತೇನೆ. ಮಣ್ಣು ಮುಚ್ಚಿದ ತಕ್ಷಣ ವಾಸನೆ ನಿಂತುಹೋಗುತ್ತದೆ, ಅದೇ ನನಗೆ ಗುರುತು. ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಬದಲಿಸಲು ಕೆಲವು ವಾರ ತೆಗೆದುಕೊಳ್ಳುತ್ತವೆ. ಅಷ್ಟರಲ್ಲಿ ಸಸಿಗೆ ಬೇರು ಬಂದಿರುತ್ತದೆ, ಊಟ ಸಿದ್ಧವಾಗಿರುತ್ತದೆ.

ಎಷ್ಟು ಹಾಕಬೇಕು ಎಂಬುದಕ್ಕೆ ನನ್ನ ಲೆಕ್ಕ ಹೀಗಿದೆ. ಸಗಣಿಗೆ ಸಮ ಪ್ರಮಾಣದ ನೀರು ಬೆರೆಸಿ ಉಣಿಸಿದ ಸ್ಥಾವರದ ಬಗ್ಗಡದಲ್ಲಿ ಲೀಟರಿಗೆ ಹೆಚ್ಚುಕಡಿಮೆ 2 ಗ್ರಾಂ ಸಾರಜನಕವಿರುತ್ತದೆ ಎಂದು ಹಿಡಿಯುತ್ತೇನೆ. ಸೊಪ್ಪಿಗೆ ಹೆಕ್ಟೇರಿಗೆ 100 ಕಿಲೋ, ಅಂದರೆ ಚದರ ಮೀಟರಿಗೆ 10 ಗ್ರಾಂ ಸಾಕು. ಹೀಗಾಗಿ ಚದರ ಮೀಟರಿಗೆ 5 ಲೀಟರ್ ಬಗ್ಗಡ, ಇದು ನೀರು ಬೆರೆಸುವ ಮುಂಚಿನ ಅಳತೆ. ದಿನಕ್ಕೆ 50 ಕಿಲೋ ಸಗಣಿ, 50 ಲೀಟರ್ ನೀರು ಉಣ್ಣುವ ಸ್ಥಾವರ ಸುಮಾರು 100 ಲೀಟರ್ ಬಗ್ಗಡ ಹೊರಹಾಕುತ್ತದೆ. ಅದು ಒಂದೇ ದಿನಕ್ಕೆ 20 ಚದರ ಮೀಟರ್ ಮಡಿಗೆ ಆಗುವಷ್ಟು! ಸೊಪ್ಪಿನ ತೋಟ ಚಿಕ್ಕದಾಗಿದ್ದರೆ ಬಗ್ಗಡ ಮಿಕ್ಕೇ ಮಿಗುತ್ತದೆ. ಮಿಕ್ಕಿತೆಂದು ಅದೇ ಮಡಿಗೆ ಸುರಿಯುವ ಆಸೆಯನ್ನು ದಯವಿಟ್ಟು ಗೆಲ್ಲಿ. ಹಣ್ಣಿನ ಮರಗಳಿಗೆ ಕೊಡಿ, ಒಣ ಎಲೆಯ ಕಾಂಪೋಸ್ಟ್ ರಾಶಿಗೆ ಸುರಿಯಿರಿ.

ಏಕೆಂದರೆ ಹೆಚ್ಚಾದಾಗ ಏನಾಗುತ್ತದೆಂದು ಎರಡನೆಯ ವರ್ಷ ಕಂಡಿದ್ದೇನೆ. ಪಾಲಕ್ ಕಡುಹಸಿರಾಗಿ, ಅಂಗೈಯಗಲ ಎಲೆ ಬಿಟ್ಟು ಕಣ್ಣಿಗೆ ಹಬ್ಬವಾಗಿತ್ತು. ಆದರೆ ಎಲೆ ಮೆತ್ತಗೆ, ನೀರು ನೀರು, ಅಡಿಯಲ್ಲೆಲ್ಲ ಹೇನು. ಪಾಲಕ್, ಹರಿವೆ ಎರಡೂ ಎಲೆಯಲ್ಲಿ ನೈಟ್ರೇಟ್ ಕೂಡಿಡುವ ಗಿಡಗಳು, ಅದು ಅತಿಯಾದರೆ ತಿನ್ನುವವರಿಗೆ ಒಳ್ಳೆಯದಲ್ಲ. ಮೋಡ ಮುಸುಕಿದ ದಿನಗಳಲ್ಲಿ ಅದು ಇನ್ನೂ ಏರುತ್ತದೆ, ಯಾಕೆಂದರೆ ಗಿಡ ನೈಟ್ರೇಟನ್ನು ಬಳಸಿಕೊಳ್ಳಲು ಬೆಳಕು ಬೇಕು. ಹಾಗಾಗಿ ಈಗ ಕೊಯ್ಲು ಬೆಳಗ್ಗೆ ಮಾಡುವುದಿಲ್ಲ, ದಿನವಿಡೀ ಬಿಸಿಲು ಉಂಡ ಮೇಲೆ ಸಂಜೆ ಮಾಡುತ್ತೇನೆ. ಮೆಂತ್ಯ ದ್ವಿದಳ ಜಾತಿಯದು, ಅರ್ಧ ಅಳತೆ ಕೊಟ್ಟರೂ ಸಾಕು. ಹರಿವೆಯಷ್ಟು ಬಗ್ಗಡಕ್ಕೆ ಒಲಿದ ಸೊಪ್ಪು ಇನ್ನೊಂದಿಲ್ಲ, ಕತ್ತರಿಸಿದಷ್ಟೂ ಚಿಗುರುತ್ತದೆ.

ಒಂದು ವಿಷಯದಲ್ಲಿ ನಾನು ಹಠಮಾರಿ. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಗೆ ಬಗ್ಗಡ ಕೊಡುವುದಿಲ್ಲ, ಬೆಳೆಯ ಎಲೆಯ ಮೇಲೆ ಯಾವ ಸೊಪ್ಪಿಗೂ ಸಿಂಪಡಿಸುವುದಿಲ್ಲ. ಮನೆಯ ಮಟ್ಟದ ಸ್ಥಾವರ ಬಿಸಿಯೇರದೆ ಕೊಳೆಸುವಂಥದ್ದು. ರೋಗಾಣುಗಳು ಕಡಿಮೆಯಾಗುತ್ತವೆ, ಸಂಪೂರ್ಣ ಸಾಯುವುದಿಲ್ಲ. ಅಮೆರಿಕದ ಸಾವಯವ ನಿಯಮದಲ್ಲಿ, ತಿನ್ನುವ ಭಾಗ ಮಣ್ಣಿಗೆ ತಾಗುವ ಬೆಳೆಗೆ ಹಸಿ ಸಗಣಿ ಹಾಕಿದ 120 ದಿನಗಳ ನಂತರವೇ ಕೊಯ್ಲು ಮಾಡಬೇಕು. ಬಗ್ಗಡ ಹಸಿ ಸಗಣಿಯಲ್ಲ, ಆದರೂ ಮನಸ್ಸಿನ ಸಮಾಧಾನಕ್ಕೆ ಹಸಿಯಾಗಿ ತಿನ್ನುವ ಸೊಪ್ಪಿನ ಮಟ್ಟಿಗೆ ನಾನು ಆ ಅಂತರವನ್ನೇ ಪಾಲಿಸುತ್ತೇನೆ. ಲೆಟ್ಯೂಸ್ ತಿಂಗಳೆರಡರಲ್ಲಿ ಕೊಯ್ಲಿಗೆ ಬರುತ್ತದೆ, ಹಾಗಾಗಿ ಅದಕ್ಕೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಮಾತ್ರ. ಬೇಯಿಸುವ ಸೊಪ್ಪಿಗೆ ಬಗ್ಗಡ, ಹಸಿ ಸೊಪ್ಪಿಗೆ ಕಾಂಪೋಸ್ಟ್, ಇದರಲ್ಲಿ ರಾಜಿಯಿಲ್ಲ.

ಬೇಸರಗಳೂ ಇವೆ. ಬಗ್ಗಡದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನೀರೇ, ಹೊತ್ತು ಸಾಗಿಸುವುದು ಬೆನ್ನಿಗೆ ಶಿಕ್ಷೆ. ಬಟ್ಟೆಯಲ್ಲಿ ಎರಡು ಸಲ ಸೋಸದಿದ್ದರೆ ಹನಿ ನೀರಾವರಿ ಕೊಳವೆ ಕಟ್ಟಿಕೊಳ್ಳುತ್ತದೆ. ಕದಡದೆ ತೆಗೆದರೆ ರಂಜಕದ ಹೆಚ್ಚಿನ ಪಾಲು ತಳದ ಗಸಿಯಲ್ಲೇ ಕೂತಿರುತ್ತದೆ. ಅಡುಗೆಮನೆಯ ಉಪ್ಪಿನ ಉಳಿಕೆಯನ್ನು ಹೆಚ್ಚು ಹಾಕಿದ ತಿಂಗಳುಗಳಲ್ಲಿ ಮಡಿಯ ಮೇಲೆ ಬಿಳಿಯ ಲವಣದ ಪದರ ಕಂಡಿದ್ದೇನೆ. ಏನು ಉಣಿಸಿದೆವೋ ಅದೇ ಹೊರಗೆ ಬರುತ್ತದೆ, ಹಾಗಾಗಿ ಒಂದು ತಿಂಗಳ ಬಗ್ಗಡ ಇನ್ನೊಂದು ತಿಂಗಳಿನಂತಿರುವುದಿಲ್ಲ. ಇಂಗಾಲ ಕಡಿಮೆಯಾಗಿರುವುದರಿಂದ ಮಣ್ಣು ಸಡಿಲವಾಗಲು ವರ್ಷಕ್ಕೊಮ್ಮೆ ಕಾಂಪೋಸ್ಟನ್ನೂ ಕೊಡಲೇಬೇಕು.

ಈ ಏರುಪೇರಿಗಾಗಿ ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಬಗ್ಗಡ ತುಂಬಿಟ್ಟ ಹೊಸ ಪೀಪಾಯಿಯ ಮುಚ್ಚಳ ತೆಗೆದಾಗಲೆಲ್ಲ ಒಂದು ತಟ್ಟೆ ಮಣ್ಣಿಗೆ ನೀರು ಬೆರೆಸಿದ ಬಗ್ಗಡ, ಇನ್ನೊಂದಕ್ಕೆ ಬರೀ ನೀರು ಹಾಕಿ, ಹತ್ತು ದಿನ ಬಿಟ್ಟು, ತಲಾ 20 ಸಾಸಿವೆ ಬಿತ್ತುತ್ತೇನೆ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಸಂಖ್ಯೆ ಮೊಳೆತರೆ ಮಡಿಗೆ ಹಾಕುತ್ತೇನೆ, ಇಲ್ಲವಾದರೆ ಇನ್ನಷ್ಟು ನೀರು. ಈ ಸಲ ನೀರಿನ ತಟ್ಟೆಯಲ್ಲಿ 19, ಬಗ್ಗಡದ ತಟ್ಟೆಯಲ್ಲಿ 18 ಮೊಳೆತಿವೆ. ನಾಳೆ ಸಂಜೆ ಪಾಲಕ್ ಮಡಿಗೆ ಸಾಲು ತೋಡುತ್ತೇನೆ.