ಹೌಸ್ ಸರ್ಜನ್‌ಗಳಿಗೆ ಎಸಿಎಲ್‌ಎಸ್ ತರಬೇತಿ: ಕೊಟ್ಟ ದುಡ್ಡಿಗೆ ಏನು ಸಿಗುತ್ತದೆ?

ಎಂಬಿಬಿಎಸ್ ಓದು ಮುಗಿದು ಹೌಸ್ ಸರ್ಜನ್ ಆಗುವ ಇಂಟರ್ನ್‌ಶಿಪ್ ಹತ್ತಿರವಾಗುತ್ತಿದ್ದಂತೆ ಕಾಲೇಜಿನ ಜೂನಿಯರ್‌ಗಳಿಂದ ಬರುವ ಪ್ರಶ್ನೆ ಒಂದೇ. "ಅಕ್ಕಾ, ಎಸಿಎಲ್‌ಎಸ್ ಮಾಡಲೇಬೇಕೇ? ಸ್ಟೈಪೆಂಡಿನಲ್ಲಿ ಅಷ್ಟು ದೊಡ್ಡ ಪಾಲನ್ನು ಎರಡೇ ದಿನದ ತರಬೇತಿಗೆ ಸುರಿಯುವಂಥದ್ದು ಅದರಲ್ಲಿ ಏನಿದೆ?" ಎಸಿಎಲ್‌ಎಸ್ ಅಂದರೆ ಅಡ್ವಾನ್ಸ್‌ಡ್ ಕಾರ್ಡಿಯೋವ್ಯಾಸ್ಕುಲರ್ ಲೈಫ್ ಸಪೋರ್ಟ್, ಹೃದಯ ನಿಂತವರನ್ನು ಉಳಿಸಲು ಆಸ್ಪತ್ರೆಯವರು ಪಡೆಯುವ ತರಬೇತಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲಿಯೇ ಹೇಳಿಬಿಡುತ್ತೇನೆ. ಮಾಡಿ. ಆದರೆ ಕ್ಯಾಶುವಾಲ್ಟಿ (ತುರ್ತು ಚಿಕಿತ್ಸಾ ವಿಭಾಗ) ಪೋಸ್ಟಿಂಗ್ ಶುರುವಾಗುವ ಮೊದಲೇ ಮಾಡಿ. ಅದು ಏನನ್ನು ಕಲಿಸುವುದಿಲ್ಲ ಎಂಬುದನ್ನೂ ತಿಳಿದುಕೊಂಡೇ ಹೋಗಿ.

ನಾನು ಮಾಡಿದ್ದು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ತರಬೇತಿ ಕೇಂದ್ರದಲ್ಲಿ, ವಾರಾಂತ್ಯದಲ್ಲಿ. ಪಠ್ಯಕ್ರಮ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ರೂಪಿಸಿದ್ದು. ಮೊದಲು ಬಿಎಲ್‌ಎಸ್, ಅಂದರೆ ಎದೆ ಒತ್ತುವುದು, ಉಸಿರು ಕೊಡುವುದು, ಹೃದಯಕ್ಕೆ ತಾನಾಗಿಯೇ ಶಾಕ್ ಕೊಡುವ ಎಇಡಿ ಯಂತ್ರ ಬಳಸುವುದು. ಆಮೇಲೆ ಎಸಿಎಲ್‌ಎಸ್: ಇಸಿಜಿಯಲ್ಲಿ ಲಯ ಗುರುತಿಸುವುದು, ಶಾಕ್ ಕೊಡುವುದು, ಔಷಧಿ, ಶ್ವಾಸನಾಳದ ನಿರ್ವಹಣೆ. ಕೊನೆಗೆ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾಗಲು ಶೇಕಡ 84 ಅಂಕ ಬೇಕು. ಜೊತೆಗೆ 'ಮೆಗಾಕೋಡ್' ಎಂಬ ಪ್ರಾಯೋಗಿಕ ಪರೀಕ್ಷೆ. ಸಿಗುವ ಕಾರ್ಡಿಗೆ 2 ವರ್ಷ ಮಾನ್ಯತೆ.

"ಇದೆಲ್ಲ ಎಂಬಿಬಿಎಸ್‌ನಲ್ಲೇ ಇದೆಯಲ್ಲ" ಎಂದು ಕೇಳುವವರಿದ್ದಾರೆ. ಇದೆ, ನಿಜ. 2019ರಲ್ಲಿ ಹೊಸ ಪಠ್ಯಕ್ರಮ ಬಂದಾಗ ಮೊದಲ ವರ್ಷದ ಆರಂಭದಲ್ಲೇ ಒಂದು ತಿಂಗಳ ಫೌಂಡೇಶನ್ ಕೋರ್ಸ್ ಸೇರಿಸಿದರು, ಪ್ರಥಮ ಚಿಕಿತ್ಸೆ ಮತ್ತು ಬಿಎಲ್‌ಎಸ್ ಅದರೊಳಗೇ ಬರುತ್ತವೆ. ನಮ್ಮದು ಅದರ ಮೊದಲ ಬ್ಯಾಚು. ಆಗ ಹೃದಯಕ್ಕೆ ನಾಲ್ಕು ಕೋಣೆ ಎಂಬುದರಾಚೆ ನಮಗೆ ಹೆಚ್ಚೇನೂ ಗೊತ್ತಿರಲಿಲ್ಲ. ಅಭ್ಯಾಸದ ಗೊಂಬೆಯ ಸುತ್ತ ನಿಂತ ದೊಡ್ಡ ಗುಂಪಿನಲ್ಲಿ ಎದೆ ಮುಟ್ಟುವ ಅವಕಾಶ ಸಿಕ್ಕವರು ಕೆಲವರು ಮಾತ್ರ. ಆ ಪಾಠವನ್ನು ನಿಜವಾದ ಮನುಷ್ಯನ ಮೇಲೆ ಬಳಸುವ ಹೊತ್ತಿಗೆ ನಾಲ್ಕೂವರೆ ವರ್ಷ ಕಳೆದಿರುತ್ತದೆ. ಓದಿದ್ದು ತಲೆಯಲ್ಲಿ ಉಳಿಯಬಹುದು, ಅಷ್ಟು ದಿನ ಬಳಸದ ಕೈಗೆ ಮರೆತುಹೋಗುತ್ತದೆ. ಈ ತರಬೇತಿ ಕೈಗೆ ಮತ್ತೆ ಕಲಿಸುತ್ತದೆ.

ಮೊದಲ ದಿನವೆಲ್ಲ ನೆಲದ ಮೇಲೆ. ಗೊಂಬೆಯ ಪಕ್ಕದಲ್ಲಿ ಮಂಡಿಯೂರಿ, ಮೊಣಕೈ ಬಾಗದಂತೆ ಇಟ್ಟು, ಎದೆಮೂಳೆಯ ಕೆಳಭಾಗದ ಮೇಲೆ ಅಂಗೈಯ ಬುಡ ಊರಿ ಒತ್ತಬೇಕು. ಆಳ ಕನಿಷ್ಠ 5 ಸೆಂಟಿಮೀಟರ್, 6 ದಾಟಬಾರದು. ವೇಗ ನಿಮಿಷಕ್ಕೆ 100ರಿಂದ 120. ಸರಿಯಾದ ಆಳಕ್ಕೆ ಹೋದರೆ ಗೊಂಬೆಯೊಳಗೆ 'ಟಿಕ್' ಎನ್ನುತ್ತದೆ, ಪಕ್ಕದ ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತುತ್ತದೆ. ಮೊದಲ ಅರ್ಧ ನಿಮಿಷ ಎಲ್ಲರ ದೀಪವೂ ಹಸಿರೇ. ಎರಡನೆಯ ನಿಮಿಷ ಮುಗಿಯುವ ಹೊತ್ತಿಗೆ ಭುಜ ಸೋಲುತ್ತದೆ, ಮೈಭಾರ ಗೊಂಬೆಯ ಎದೆಯ ಮೇಲೆಯೇ ಉಳಿಯುತ್ತದೆ, ಎದೆ ಪೂರ್ತಿ ಮೇಲೇಳುವುದಿಲ್ಲ, ದೀಪ ಆರುತ್ತದೆ. ಹಾಗೆ ಮೇಲೇಳದಿದ್ದರೆ ಹೃದಯಕ್ಕೆ ರಕ್ತ ಸರಿಯಾಗಿ ತುಂಬುವುದಿಲ್ಲ. ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕೆಂಬ ನಿಯಮ ಪುಸ್ತಕದಲ್ಲಿ ಒಂದೇ ಸಾಲು. ಆರಿದ ದೀಪ ನೋಡಿದ ಮೇಲೆ ಅದು ಏಕಿದೆ ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಈ ಗೊಂಬೆಯ ಹಿನ್ನೆಲೆಯನ್ನು ನಮ್ಮ ತರಬೇತುದಾರರು ಪ್ರೀತಿಯಿಂದ ಹೇಳಿದರು. ಎದೆಯನ್ನು ಹೊರಗಿನಿಂದಲೇ ಒತ್ತಿ ರಕ್ತ ಹರಿಸಬಹುದೆಂದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವೆನ್‌ಹೋವನ್ ಮತ್ತು ಸಂಗಡಿಗರು ಪ್ರಕಟಿಸಿದ್ದು 1960ರಲ್ಲಿ. ಅದೇ ವರ್ಷ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲಾರ್ಡಾಲ್ ಈ ಅಭ್ಯಾಸದ ಗೊಂಬೆಯನ್ನು ತಂದರು. ಹೊಸಬರು ಬದುಕಿರುವ ರೋಗಿಯ ಮೇಲೆ ಮೊದಲ ಪ್ರಯೋಗ ಮಾಡುವುದು ತಪ್ಪಿದ್ದು ಆಟಿಕೆ ಮಾಡುವವರೊಬ್ಬರಿಂದ ಎಂಬ ಸಂಗತಿ ನನಗೆ ಬಹಳ ಹಿಡಿಸಿತು.

ಎರಡನೆಯ ದಿನಕ್ಕಾಗಿಯೇ ನಾನು ಈ ತರಬೇತಿಯನ್ನು ಇಷ್ಟು ಒತ್ತಿ ಹೇಳುತ್ತಿರುವುದು. ಆರು ಜನರ ತಂಡ ಮಾಡುತ್ತಾರೆ. ಒಬ್ಬರು ಎದೆ ಒತ್ತುವವರು, ಒಬ್ಬರು ಶಾಕ್ ಕೊಡುವ ಡಿಫಿಬ್ರಿಲೇಟರ್ ಬಳಿ, ಒಬ್ಬರು ಉಸಿರಾಟಕ್ಕೆ, ಒಬ್ಬರು ಔಷಧಿಗೆ, ಒಬ್ಬರು ಗಡಿಯಾರ ನೋಡಿ ಬರೆದುಕೊಳ್ಳಲು, ಒಬ್ಬರು ನಾಯಕರು. ನಾಯಕರು ಯಾವುದಕ್ಕೂ ಕೈ ಹಾಕುವಂತಿಲ್ಲ, ಕಾಲ ಬುಡದಲ್ಲಿ ನಿಂತು ಎಲ್ಲವನ್ನೂ ನೋಡಬೇಕು. ಸೂಚನೆಯನ್ನು ಗಾಳಿಗೆ ಎಸೆಯದೆ ಹೆಸರು ಹಿಡಿದು ಹೇಳಬೇಕು. ಕೇಳಿಸಿಕೊಂಡವರು ಅದನ್ನು ಮರಳಿ ಹೇಳಬೇಕು, ಮಾಡಿದ ಮೇಲೆ ಮಾಡಿದೆ ಎನ್ನಬೇಕು.

ನಮ್ಮ ಗುಂಪಿನಲ್ಲಿ ಅರಿವಳಿಕೆ ವಿಭಾಗದ ಸಹ ಪ್ರಾಧ್ಯಾಪಕರೊಬ್ಬರು ಕಾರ್ಡ್ ನವೀಕರಣಕ್ಕೆ ಬಂದಿದ್ದರು, ತುರ್ತು ಘಟಕದ ಹಿರಿಯ ನರ್ಸ್ ಒಬ್ಬರಿದ್ದರು, ಉಳಿದವರು ನಾವು ಹೌಸ್ ಸರ್ಜನ್‌ಗಳು. ತರಬೇತುದಾರರು ನರ್ಸ್ ಅವರನ್ನು ನಾಯಕಿಯನ್ನಾಗಿ ಮಾಡಿ, ಪ್ರಾಧ್ಯಾಪಕರನ್ನು ಎದೆ ಒತ್ತಲು ಕೂರಿಸಿದರು. ಒಂದು ನಿಮಿಷ ಕಳೆದಿರಬಹುದು. "ಸರ್, ಆಳ ಸಾಲುತ್ತಿಲ್ಲ. ಇನ್ನೂ ಒತ್ತಿ" ಎಂದರು ಆಕೆ, ದನಿ ಏರಿಸದೆ. "ಆಳ ಹೆಚ್ಚಿಸುತ್ತಿದ್ದೇನೆ" ಎಂದು ಅವರು ಒತ್ತಿದರು, ದೀಪ ಹಸಿರಾಯಿತು. ಅಷ್ಟೇ ನಡೆದದ್ದು. ಆದರೆ ನಾವು ಹೊಸಬರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ವಾರ್ಡ್‌ಗಳಲ್ಲಿ ಯೂನಿಟ್ ಚೀಫ್ ಮುಂದೆ ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಬಾಯಿ ಬಿಡುವುದಿಲ್ಲ, ಪಿಜಿ ಮುಂದೆ ಹೌಸ್ ಸರ್ಜನ್ ಬಾಯಿ ಬಿಡುವುದಿಲ್ಲ, ವಾರ್ಡಿನಲ್ಲೇ ಇಪ್ಪತ್ತು ವರ್ಷ ಸವೆಸಿದ ಸಿಸ್ಟರ್ ಎಲ್ಲವನ್ನೂ ನೋಡುತ್ತಾ ಸುಮ್ಮನಿರುತ್ತಾರೆ. ಆಸ್ಪತ್ರೆಗೆ ಹೊಸದಾಗಿ ಬಂದವರು ಮೊದಲು ಕಲಿಯುವುದೇ ಈ ಮೌನವನ್ನು. ರೌಂಡ್ಸ್‌ನಲ್ಲಿ ಎಲ್ಲಿ ನಿಲ್ಲಬೇಕು, ಯಾರು ಕೇಳಿದರೆ ಮಾತ್ರ ಉತ್ತರಿಸಬೇಕು ಎಂಬುದು ವಾರದೊಳಗೆ ಮೈಗೂಡುತ್ತದೆ. ಕಂಡ ತಪ್ಪನ್ನು ಅಲ್ಲೇ ಬಾಯಿಬಿಟ್ಟು ಹೇಳುವುದು ಶಿಸ್ತಿನ ಭಾಗ, ಅವಿಧೇಯತೆ ಅಲ್ಲ ಎಂದು ಯಾರಾದರೂ ಅಭ್ಯಾಸ ಮಾಡಿಸಿದ್ದನ್ನು ನಾನು ಕಂಡದ್ದು ಈ ಕೋಣೆಯಲ್ಲಿ ಮಾತ್ರ.

ಅದು ವಾರ್ಡಿಗೂ ಬರುತ್ತದೆಯೇ ಎಂದು ಕೇಳಿದರೆ, ಬರುತ್ತದೆ. ಮೆಡಿಸಿನ್ ವಾರ್ಡಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾಗ ವಯಸ್ಸಾದವರೊಬ್ಬರ ನಾಡಿ ನಿಂತಿತು. ಪಿಜಿ ಬೇರೊಂದು ವಾರ್ಡಿನಲ್ಲಿದ್ದರು. ನಾನು ಎದೆ ಒತ್ತುತ್ತಾ, "ಸಿಸ್ಟರ್, ಅಡ್ರಿನಲಿನ್ ಒಂದು ಮಿಲಿಗ್ರಾಂ ಕೊಡಿ, ಕೊಟ್ಟ ಮೇಲೆ ಹೇಳಿ" ಎಂದೆ. "ಕೊಟ್ಟೆ ಡಾಕ್ಟರೇ, ಎರಡು ಗಂಟೆ ಹತ್ತು ನಿಮಿಷ" ಎಂದರು ಸಿಸ್ಟರ್, ಗಡಿಯಾರ ನೋಡಿ ಕೇಸ್‌ಶೀಟಿನ ಅಂಚಿನಲ್ಲಿ ಬರೆದರು. ಮೂರರಿಂದ ಐದು ನಿಮಿಷಕ್ಕೆ ಮುಂದಿನ ಡೋಸ್. ಸಮಯ ಆಗುತ್ತಿದ್ದಂತೆ ನೆನಪಿಸಿದ್ದೂ ಅವರೇ. ಪಿಜಿ ಓಡಿ ಬಂದಾಗ ಈವರೆಗೆ ಆದದ್ದನ್ನೆಲ್ಲ ಎರಡು ವಾಕ್ಯದಲ್ಲಿ ಒಪ್ಪಿಸಲು ಸಾಧ್ಯವಾಯಿತು. ನಾಡಿ ಮರಳಿತು, ಐಸಿಯುಗೆ ಕಳಿಸಿದೆವು. ಮೂರನೆಯ ದಿನ ಅವರು ತೀರಿಕೊಂಡರು. ಆದರೂ ಆ ಹೊತ್ತಿನಲ್ಲಿ ಅವರಿಗೆ ಸಲ್ಲಬೇಕಾದದ್ದು ಅಡ್ಡಾದಿಡ್ಡಿಯಾಗದೆ ಸಂದಿತು.

ಇನ್ನು ಕೊರತೆಗಳು. ತರಬೇತಿಯಲ್ಲಿ ಔಷಧಿ ಎಂದರೆ ಹೆಸರಿನ ಚೀಟಿ ಅಂಟಿಸಿದ ಸಿರಿಂಜು. "ಅಡ್ರಿನಲಿನ್ ಕೊಟ್ಟಾಯಿತು" ಎಂದರೆ ಕೊಟ್ಟ ಹಾಗೆ. ನಮ್ಮ ವಾರ್ಡಿನ ತುರ್ತು ಔಷಧಿಯ ಟ್ರಾಲಿಯಲ್ಲಿರುವುದು ಒಂದು ಮಿಲಿಲೀಟರಿನ ಗಾಜಿನ ಆಂಪ್ಯೂಲ್. ಅದರ ಕತ್ತು ಮುರಿಯಬೇಕು, ಎಳೆಯಬೇಕು, ಕೊಟ್ಟ ಮೇಲೆ 20 ಮಿಲಿಲೀಟರ್ ಸಲೈನ್ ತಳ್ಳಿ ತೋಳನ್ನು ಮೇಲೆತ್ತಿ ಹಿಡಿಯಬೇಕು. ಕೈಗವಸು ಹಾಕಿಕೊಂಡು, ಬೆವರಿದ ಬೆರಳಲ್ಲಿ ಇದನ್ನು ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಯಾವ ಗೊಂಬೆಯೂ ಕಲಿಸಲಿಲ್ಲ. ಟ್ರಾಲಿಯ ಬೀಗದ ಕೈ ಯಾರ ಬಳಿ ಇದೆ, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಬಲ್ಬು ಹತ್ತುತ್ತದೆಯೇ, ಆಮ್ಲಜನಕದ ಸಿಲಿಂಡರಿಗೆ ಕೀ ಇದೆಯೇ ಎಂದು ಪಾಳಿ ಹತ್ತಿದ ಕೂಡಲೇ ನೋಡುವ ಅಭ್ಯಾಸವನ್ನು ನನಗೆ ಹಚ್ಚಿದ್ದು ಒಬ್ಬ ಹಿರಿಯ ಸಿಸ್ಟರ್. ತರಬೇತಿಯಲ್ಲಿ ಅದಕ್ಕೆ ಅರ್ಧ ಗಂಟೆ ಮೀಸಲಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಆರು ಜನರ ತಂಡವೂ ಹಾಗೆಯೇ. ನಾನು ಈಗ ಎಂಬಿಬಿಎಸ್ ನಂತರದ ಕಡ್ಡಾಯ ಸರ್ಕಾರಿ ಸೇವೆಯಲ್ಲಿ ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ರಾತ್ರಿ ಹೊತ್ತು ಇರುವವರು ಒಬ್ಬ ವೈದ್ಯೆ, ಒಬ್ಬರು ಸಿಸ್ಟರ್, ಒಬ್ಬ ಡಿ ಗ್ರೂಪ್ ನೌಕರ. ಮೂರೇ ಜನರಲ್ಲಿ ಆರು ಕೆಲಸ ಹಂಚುವುದು ಹೇಗೆ, ಯಾವುದನ್ನು ಮೊದಲು ಬಿಡಬಹುದು, ಎದೆ ಒತ್ತಲು ಆಂಬ್ಯುಲೆನ್ಸ್ ಚಾಲಕರನ್ನು ಕರೆಯಬಹುದೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಜಾಗವೇ ಇಲ್ಲ. ಎಂಡ್ ಟೈಡಲ್ ಕಾರ್ಬನ್ ಡೈಆಕ್ಸೈಡ್, ಅಂದರೆ ಹೊರಬರುವ ಉಸಿರಿನ ಕೊನೆಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ತೋರಿಸುವ ಮಾನಿಟರಿನ ಅಲೆ ನೋಡಿ ನಿರ್ಧರಿಸಿ ಎನ್ನುತ್ತದೆ ಪಾಠ. ನಮ್ಮಲ್ಲಿ ಆ ಯಂತ್ರವಿಲ್ಲ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದೆ.

ಹೃದಯ ನಿಲ್ಲಲು ಕಾರಣವಾಗುವ ಹತ್ತು ಸಂಗತಿಗಳ ಪಟ್ಟಿಯಲ್ಲಿ 'ವಿಷ' ಎಂಬ ಒಂದು ಪದ ಬರುತ್ತದೆ, ಸ್ಲೈಡ್ ಮುಂದೆ ಹೋಗುತ್ತದೆ. ನಮ್ಮ ಊರುಗಳ ಕ್ಯಾಶುವಾಲ್ಟಿಯಲ್ಲಿ ನಿಲ್ಲುವವರಿಗೆ ಅದೇ ದೊಡ್ಡ ಅಧ್ಯಾಯ. ಕ್ರಿಮಿನಾಶಕ ಹೊಟ್ಟೆಗೆ ಹೋದವರು ಬಂದಾಗ ಬಟ್ಟೆ ಬಿಚ್ಚಿಸಿ ಮೈ ತೊಳೆಸಬೇಕು. ಆ ವಿಷದ ಪರಿಣಾಮ ತಗ್ಗಿಸುವ ಅಟ್ರೋಪಿನ್‌ನ 0.6 ಮಿಲಿಗ್ರಾಂ ಆಂಪ್ಯೂಲ್‌ಗಳನ್ನು ಒಂದರ ಹಿಂದೊಂದು ಒಡೆಯುತ್ತಾ, ಕಣ್ಣಿನ ಪಾಪೆಗಿಂತ ಹೆಚ್ಚಾಗಿ ಎದೆಯ ಗೊರಗೊರ ಶಬ್ದ ನಿಂತಿತೇ ಎಂದು ಸ್ಟೆತಸ್ಕೋಪ್ ಇಟ್ಟು ಕೇಳುತ್ತಿರಬೇಕು. ನಾಗರಹಾವು ಕಚ್ಚಿದವರ ಉಸಿರು ಸೋಲುತ್ತಿದ್ದರೆ ಆ್ಯಂಟಿವೆನಮ್ ಹನಿಯುತ್ತಿರುವಾಗಲೇ ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗ್ ಒತ್ತುತ್ತಾ ದೊಡ್ಡಾಸ್ಪತ್ರೆಗೆ ಸಾಗಿಸಬೇಕು. 2024ರಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕರ್ನಾಟಕದಲ್ಲಿ ನಡೆಯುವ ತರಬೇತಿಯಲ್ಲಿ ಇದಕ್ಕೆ ಒಂದು ಗಂಟೆ ಇರಲೇಬೇಕು. ಹೃದಯಾಘಾತದ ಭಾಗ ಮಾತ್ರ ನೇರವಾಗಿ ಕೆಲಸಕ್ಕೆ ಬಂತು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಹೃದ್ರೋಗ ತಜ್ಞರಿರುವ ಕೇಂದ್ರಕ್ಕೆ ಕಳಿಸಿ, ಅವರ ಸಲಹೆಯ ಮೇಲೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಇಲ್ಲೇ ಕೊಡಬಹುದು. ಇಸಿಜಿಯಲ್ಲಿ ಹೃದಯಾಘಾತದ ಗುರುತಾಗಿ ಎಸ್‌ಟಿ ಎಂಬ ಭಾಗ ಮೇಲೆದ್ದಿರುವುದನ್ನು ತಡಕಾಡದೆ ಗುರುತಿಸುವ ಕಣ್ಣು ಆ ಎರಡು ದಿನಗಳಲ್ಲಿ ಹರಿತವಾಯಿತು.

ನನಗೆ ಹೆಚ್ಚು ನೋವಾಗುವ ಕೊರತೆ ಬೇರೆ. ಮೆಗಾಕೋಡ್‌ನಲ್ಲಿ ಗೊಂಬೆ ಬದುಕಿತೋ ಸತ್ತಿತೋ, ಚಪ್ಪಾಳೆ ತಟ್ಟಿ ಮುಂದಿನ ಗುಂಪನ್ನು ಕರೆಯುತ್ತಾರೆ. ವಾರ್ಡಿನಲ್ಲಿ ಪರದೆಯ ಆಚೆ ಹೆಂಡತಿ, ಮಗ, ಊರಿನ ನಾಲ್ಕು ಜನ ನಿಂತಿರುತ್ತಾರೆ. ಅವರ ಮುಂದೆ ಹೋಗಿ ನಿಲ್ಲಬೇಕಾದವರು ಬಹಳ ಸಲ ಅಲ್ಲಿದ್ದವರಲ್ಲೇ ಅತಿ ಕಿರಿಯರು. ಇದನ್ನು ನನಗೆ ಹೇಳಿಕೊಟ್ಟವರು ನಮ್ಮ ಮೆಡಿಸಿನ್ ಮೇಡಂ. "ಮೊದಲು ಕೂತುಕೊಳ್ಳಿ, ಅವರನ್ನೂ ಕೂರಿಸಿ. 'ನೀವು ಅವರಿಗೆ ಏನಾಗಬೇಕು?' ಎಂದು ಕೇಳಿ. ಆಮೇಲೆ ನಡೆದದ್ದನ್ನು ಅವರ ಮಾತಿನಲ್ಲೇ ಹೇಳಿ. ಹೇಳಿದ ಮೇಲೆ ಎದ್ದು ಓಡಬೇಡಿ" ಎಂದಿದ್ದರು. ಇಡೀ ತರಬೇತಿ ಇಂಗ್ಲಿಷಿನಲ್ಲಿ ನಡೆದದ್ದಕ್ಕೆ ನನ್ನ ತಕರಾರಿಲ್ಲ, ಹೊರರಾಜ್ಯದವರೂ ಇದ್ದರು. ಆದರೆ ಕನ್ನಡದಲ್ಲಿ ಮನೆಯವರೊಂದಿಗೆ ಮಾತನಾಡುವ ಅಭ್ಯಾಸಕ್ಕೆ ಒಂದು ಮಧ್ಯಾಹ್ನವನ್ನಾದರೂ ಇಡಿ ಎಂದು ಅಭಿಪ್ರಾಯದ ನಮೂನೆಯಲ್ಲಿ ಬರೆದು ಬಂದಿದ್ದೇನೆ. ಬೇರೆಯವರೂ ಬರೆದರೆ ಒಳ್ಳೆಯದು.

ಆ ಕೇಂದ್ರದ ಬಗ್ಗೆ ಎರಡು ಮಾತು. ಮೊದಲ ದಿನ ಮೂವರಿಗೊಂದು ಗೊಂಬೆ ಇತ್ತು, ಎರಡನೆಯ ದಿನ ಹೊಸ ಗುಂಪನ್ನೂ ಸೇರಿಸಿದ್ದರಿಂದ ಕೊನೆಯ ತಂಡಗಳ ಮೆಗಾಕೋಡ್ ಅವಸರದಲ್ಲಿ ಮುಗಿಯಿತು. ಅಷ್ಟು ಶುಲ್ಕ ಪಡೆದವರು ಹೀಗೆ ಮಾಡಬಾರದು. ದುಡ್ಡು ಕಟ್ಟುವ ಮೊದಲೇ ಒಬ್ಬ ತರಬೇತುದಾರರಿಗೆ ಎಷ್ಟು ಮಂದಿ, ಎಷ್ಟು ಗೊಂಬೆ ಎಂದು ಕೇಳಿ ತಿಳಿದುಕೊಳ್ಳಿ. ವಿದೇಶದಲ್ಲಿ ಕೆಲಸ ಹುಡುಕುವ ಯೋಚನೆ ಇಲ್ಲದವರು ಇಂಡಿಯನ್ ರಿಸಸಿಟೇಶನ್ ಕೌನ್ಸಿಲ್ ಫೆಡರೇಶನ್ ನಡೆಸುವ, ಇಂಥದ್ದೇ ಆದ ಸಿಸಿಎಲ್‌ಎಸ್ ತರಬೇತಿಯನ್ನೂ ವಿಚಾರಿಸಬಹುದು. ಅದು ನಮ್ಮ ದೇಶದ ಆಸ್ಪತ್ರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಹೋಗುವವರು ಕೈಪಿಡಿಯನ್ನು ಮೊದಲೇ ಓದಿ, ಅದರಲ್ಲೂ ಇಸಿಜಿ ಭಾಗವನ್ನು. ಅದನ್ನು ಅಲ್ಲಿ ಕಲಿಯಲು ಕೂತರೆ ಕೈಕೆಲಸಕ್ಕೆ ಸಮಯ ಉಳಿಯುವುದಿಲ್ಲ. ಮಂಡಿಯೂರಲು ಅನುಕೂಲವಾಗುವ ಬಟ್ಟೆ ಹಾಕಿಕೊಳ್ಳಿ, ಬಳೆ ಉಂಗುರ ಮನೆಯಲ್ಲೇ ಬಿಡಿ. ತಂಡದಲ್ಲಿ ನಾಯಕರಾಗಲು ಯಾರು ಮುಂದೆ ಬರುತ್ತೀರಿ ಎಂದು ಕೇಳಿದಾಗ ಹಿಂದೆ ಸರಿಯದೆ ಕೈ ಎತ್ತಿ. ಸಾಧ್ಯವಾದರೆ ನಿಮ್ಮ ವಾರ್ಡಿನ ಸಿಸ್ಟರ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಏಕೆಂದರೆ ರಾತ್ರಿ ಎರಡು ಗಂಟೆಗೆ ನಿಮ್ಮ ಜೊತೆ ಇರುವವರು ಅವರೇ.